ಅಣ್ಣನ ಕುಡಿತದ ಬಗ್ಗೆ ಬರೆಯದ ಹೋರಾಟಗಾರ್ತಿ: ಫ್ರಾನ್ಸಿಸ್ ವಿಲ್ಲಾರ್ಡ್

ಮನೆಯಲ್ಲಿ ಒಬ್ಬರು ಕುಡಿತಕ್ಕೆ ಬಿದ್ದರೆ, ಆ ಸಂಗತಿ ಹೊರಗಿನವರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವುದು ಉಳಿದವರಿಗೆ ದಿನನಿತ್ಯದ ಕೆಲಸವಾಗಿಬಿಡುತ್ತದೆ. ಆಫೀಸಿಗೆ ಫೋನ್ ಮಾಡಿ ಜ್ವರ ಎಂದು ಹೇಳುವುದು, ನೆಂಟರ ಮದುವೆಗೆ ಒಬ್ಬರೇ ಹೋಗಿ ಅವರು ಊರಲ್ಲಿಲ್ಲ ಅನ್ನುವುದು, ಡಾಕ್ಟರ ಮುಂದೆ ಕೂತಾಗಲೂ ಯಾವಾಗಲೋ ಒಮ್ಮೆ ತಗೊಳ್ತಾರೆ ಎಂದು ತೇಲಿಸುವುದು. ಇದನ್ನೆಲ್ಲ ಮಾಡಿದವರಿಗೆ ಈ ಬರಹದ ವ್ಯಕ್ತಿ ಅಷ್ಟೇನೂ ದೂರದವರು ಅನ್ನಿಸಲಾರರು, ಅವರು ತೀರಿಕೊಂಡು 125 ವರ್ಷಕ್ಕೂ ಹೆಚ್ಚಾಗಿದ್ದರೂ.

ಫ್ರಾನ್ಸಿಸ್ ವಿಲ್ಲಾರ್ಡ್ 19ನೇ ಶತಮಾನದ ಅಮೆರಿಕದಲ್ಲಿ ಮದ್ಯಪಾನದ ವಿರುದ್ಧ ಹೆಂಗಸರನ್ನು ಒಟ್ಟುಗೂಡಿಸಿದವರು. ವಿಮೆನ್ಸ್ ಕ್ರಿಶ್ಚಿಯನ್ ಟೆಂಪರೆನ್ಸ್ ಯೂನಿಯನ್ ಎಂಬ ಸಂಘಟನೆಗೆ 1879ರಿಂದ ಸಾಯುವವರೆಗೆ, ಅಂದರೆ 19 ವರ್ಷ, ಅಧ್ಯಕ್ಷೆಯಾಗಿದ್ದವರು. ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ ಪ್ರತಿ ರಾಜ್ಯವೂ ತನ್ನ ಇಬ್ಬರು ಗಣ್ಯರ ಪ್ರತಿಮೆ ಇಡುವ ಒಂದು ಸಭಾಂಗಣವಿದೆ. ಅಲ್ಲಿ ಮೊದಲು ಸ್ಥಾನ ಪಡೆದ ಹೆಣ್ಣಿನ ಪ್ರತಿಮೆ ಇವರದೇ. 1905ರಲ್ಲಿ ಇಲಿನಾಯ್ ರಾಜ್ಯ ಕಳಿಸಿದ್ದು. ಹೀಗೆ ಊರೂರು ತಿರುಗಿ ಕುಡಿತದ ವಿರುದ್ಧ ಮಾತಾಡಿದ ಈ ಹೆಂಗಸಿನ ಸ್ವಂತ ಅಣ್ಣ ಕುಡಿತದ ಸಮಸ್ಯೆಯಲ್ಲಿ ನರಳಿದವನು. 1889ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ತಮ್ಮ ಬಾಲ್ಯದ ದನಕರುಗಳ ಬಗ್ಗೆಯೂ ವಿವರವಾಗಿ ಬರೆದಿದ್ದಾರೆ. ಅಣ್ಣನ ಕುಡಿತದ ಬಗ್ಗೆ ಮಾತ್ರ ಬಿಡಿಸಿ ಹೇಳುವುದಿಲ್ಲ.

ಹುಟ್ಟಿದ್ದು 1839ರ ಸೆಪ್ಟೆಂಬರ್ 28ರಂದು, ನ್ಯೂಯಾರ್ಕ್ ರಾಜ್ಯದ ಚರ್ಚ್‌ವಿಲ್ ಎಂಬ ಹಳ್ಳಿಯಲ್ಲಿ. ತಂದೆ ಜೋಸಾಯ, ತಾಯಿ ಮೇರಿ. ಅಣ್ಣ ಆಲಿವರ್, ತಂಗಿ ಮೇರಿ. ತಂದೆಗೆ ಶ್ವಾಸಕೋಶದ ತೊಂದರೆ ಶುರುವಾದಾಗ, ಬಯಲು ಸೀಮೆಯ ಗಾಳಿ ಒಳ್ಳೆಯದೆಂದು 1846ರಲ್ಲಿ ಕುಟುಂಬ ವಿಸ್ಕಾನ್ಸಿನ್‌ನ ಜೇನ್ಸ್‌ವಿಲ್ ಬಳಿಯ ಹೊಲಮನೆಗೆ ಬಂತು. ಕ್ಷಯಕ್ಕೆ ಔಷಧವೇ ಇಲ್ಲದ ಕಾಲದಲ್ಲಿ ವೈದ್ಯರು ಕೊಡುತ್ತಿದ್ದ ಸಲಹೆ ಅದು: ಊರು ಬದಲಿಸಿ. ಫ್ರಾನ್ಸಿಸ್ ಅಲ್ಲಿ ಗಂಡುಹುಡುಗನ ಹಾಗೆ ಬೆಳೆದರು. ಮನೆಯವರು ಫ್ರಾಂಕ್ ಎಂದೇ ಕರೆಯುತ್ತಿದ್ದರು. ಹದಿನಾರರ ಹೊತ್ತಿಗೆ ಕೂದಲು ಎತ್ತಿಕಟ್ಟಿ, ಕಾಲು ಮುಚ್ಚುವ ಉದ್ದ ಲಂಗ ತೊಡಬೇಕಾಗಿ ಬಂದಾಗ ಓಡಾಟವೆಲ್ಲ ಮುಗಿಯಿತೆಂದು ತುಂಬ ಸಂಕಟಪಟ್ಟರು.

1856ರಲ್ಲಿ ಆಲಿವರ್‌ಗೆ 21 ತುಂಬಿತ್ತು. ಆ ವರ್ಷದ ಚುನಾವಣೆಯಲ್ಲಿ ಅಪ್ಪನ ಜೊತೆ ಗಾಡಿ ಹತ್ತಿ ಮೊದಲ ಸಲ ಮತ ಹಾಕಲು ಹೊರಟ. ಅಕ್ಕ ತಂಗಿ ಇಬ್ಬರೂ ಕಿಟಕಿಯಲ್ಲಿ ನಿಂತು ನೋಡಿದರು. ತನಗಿಂತ ನಾಲ್ಕು ವರ್ಷ ದೊಡ್ಡವನು ಎನ್ನುವುದು ಬಿಟ್ಟರೆ ಅವನಲ್ಲಿ ಹೆಚ್ಚಿಗೆ ಏನಿದೆ ಎಂಬ ಪ್ರಶ್ನೆ ಫ್ರಾನ್ಸಿಸ್ ಮನಸ್ಸಿನಲ್ಲಿ ಉಳಿಯಿತು. ಅಂದು ಕಣ್ಣು ತುಂಬಿ ಬಂದಿದ್ದನ್ನು ಅವರೇ ಮುಂದೆ ಬರೆದುಕೊಂಡಿದ್ದಾರೆ.

1858ರಲ್ಲಿ ಕುಟುಂಬ ಶಿಕಾಗೊ ಪಕ್ಕದ ಇವಾನ್‌ಸ್ಟನ್‌ಗೆ ಬಂತು. ಅಲ್ಲಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಓದಿ ಫ್ರಾನ್ಸಿಸ್ ಶಿಕ್ಷಕಿಯಾದರು. ಚಾರ್ಲ್ಸ್ ಫೌಲರ್ ಎಂಬ ಪಾದ್ರಿಯ ಜೊತೆ 1861ರಲ್ಲಿ ಮದುವೆ ನಿಶ್ಚಯವಾಗಿ, ಮರುವರ್ಷ ಅವರೇ ಅದನ್ನು ಮುರಿದರು. ಅದೇ 1862ರಲ್ಲಿ ತಂಗಿ ಮೇರಿ 19ರ ಪ್ರಾಯದಲ್ಲಿ ತೀರಿಕೊಂಡಳು. ಫ್ರಾನ್ಸಿಸ್ ಬರೆದ ಮೊದಲ ಪುಸ್ತಕ ತಂಗಿಯ ಬದುಕಿನ ಬಗ್ಗೆ. 1868ರಲ್ಲಿ ತಂದೆಯೂ ಕ್ಷಯದಿಂದ ಹೋದರು. ಆ ವರ್ಷವೇ ಗೆಳತಿ ಕೇಟ್ ಜಾಕ್ಸನ್ ಜೊತೆ ಯುರೋಪ್, ಈಜಿಪ್ಟ್, ಪ್ಯಾಲೆಸ್ತೀನ್‌ಗಳ ಎರಡು ವರ್ಷದ ಪ್ರವಾಸಕ್ಕೆ ಹೊರಟರು. ಆ ಪ್ರವಾಸದಲ್ಲಿ ಊಟದೊಂದಿಗೆ ವೈನ್ ಕುಡಿದದ್ದುಂಟು. ಆ ಕಾಲದ ವೈದ್ಯರೇ ಅದನ್ನು ಆರೋಗ್ಯಕ್ಕೆ ಒಳ್ಳೆಯದೆಂದು ಹೇಳುತ್ತಿದ್ದರು. ಮದ್ಯದ ಬಗ್ಗೆ ಅವರಿಗೆ ಹುಟ್ಟಿನಿಂದಲೇ ಅಸಹ್ಯವಿತ್ತು ಎಂಬಂಥ ಚಿತ್ರಣ ಕೆಲವು ಭಕ್ತಿಪೂರ್ವಕ ಪುಸ್ತಕಗಳಲ್ಲಿದೆ. ಅದನ್ನು ನಂಬಬೇಕಿಲ್ಲ.

ಹಿಂತಿರುಗಿದ ಮೇಲೆ 1871ರಲ್ಲಿ ಇವಾನ್‌ಸ್ಟನ್‌ನ ಮಹಿಳಾ ಕಾಲೇಜಿನ ಅಧ್ಯಕ್ಷೆಯಾದರು. ಅದೇ ವರ್ಷದ ಶಿಕಾಗೊ ಬೆಂಕಿಯಲ್ಲಿ ದಾನಿಗಳ ಹಣವೆಲ್ಲ ಹೋಗಿ ಕಾಲೇಜು ಬಡವಾಯಿತು. 1873ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು. ಆ ವಿಶ್ವವಿದ್ಯಾಲಯದ ಹೊಸ ಅಧ್ಯಕ್ಷ ಯಾರು ಅಂದರೆ, ಹಿಂದೆ ಮದುವೆ ಮುರಿದುಕೊಂಡಿದ್ದ ಅದೇ ಫೌಲರ್. ವಿದ್ಯಾರ್ಥಿನಿಯರ ಶಿಸ್ತು ಯಾರ ಕೈಯಲ್ಲಿರಬೇಕು ಎಂಬ ವಿಷಯಕ್ಕೆ ಇಬ್ಬರಿಗೂ ಹೊಂದಲಿಲ್ಲ. 1874ರಲ್ಲಿ ಫ್ರಾನ್ಸಿಸ್ ರಾಜೀನಾಮೆ ಕೊಟ್ಟರು. 34 ವರ್ಷ, ಕೆಲಸವಿಲ್ಲ, ವಯಸ್ಸಾದ ತಾಯಿ ಜೊತೆಯಲ್ಲಿ.

ಅದಕ್ಕೆ ಕೆಲವೇ ತಿಂಗಳ ಹಿಂದೆ, 1873ರ ಡಿಸೆಂಬರ್‌ನಲ್ಲಿ, ಒಹಾಯೊ ರಾಜ್ಯದ ಹಿಲ್ಸ್‌ಬರೊ ಎಂಬ ಸಣ್ಣ ಊರಲ್ಲಿ ಒಂದು ಕೆಲಸ ಶುರುವಾಗಿತ್ತು. ಮರ್ಯಾದಸ್ಥ ಮನೆಗಳ ಹೆಂಗಸರು ಗುಂಪಾಗಿ ಹೊರಟು ಸಲೂನುಗಳ ಮುಂದೆ, ಅಂದರೆ ಅಲ್ಲಿನ ಹೆಂಡದಂಗಡಿಗಳ ಮುಂದೆ, ಹಿಮದಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡಿದರು, ಅಂಗಡಿ ಮುಚ್ಚಿ ಎಂದು ಮಾಲೀಕರನ್ನು ಕೇಳಿಕೊಂಡರು. ಆ ಚಳಿಗಾಲದಲ್ಲಿ ಇದು ನೂರಾರು ಊರುಗಳಿಗೆ ಹಬ್ಬಿತು. ಇದನ್ನು ಬರೀ ಧಾರ್ಮಿಕ ಹಟ ಎಂದು ನೋಡಿದರೆ ಅರ್ಧ ಮಾತ್ರ ನೋಡಿದ ಹಾಗೆ. ಆಗಿನ ಹಲವು ರಾಜ್ಯಗಳಲ್ಲಿ ಹೆಂಡತಿ ದುಡಿದ ಕೂಲಿಯ ಮೇಲೆ, ಮಕ್ಕಳ ಮೇಲೆ ಗಂಡನದೇ ಹಕ್ಕು. ಅವನು ಸಂಬಳವನ್ನೆಲ್ಲ ಅಂಗಡಿಯಲ್ಲಿ ಸುರಿದು ಬಂದರೆ, ಹೊಡೆದರೆ, ಅವಳು ಹೋಗಲು ಜಾಗವಿರಲಿಲ್ಲ, ಮತ ಹಾಕಲು ಹಕ್ಕಿರಲಿಲ್ಲ. ಆಂಧ್ರದ ದೂಬಗುಂಟದ ಹೆಂಗಸರು 1990ರ ದಶಕದಲ್ಲಿ ಸಾರಾಯಿ ಅಂಗಡಿಗಳ ಮುಂದೆ ನಿಂತದ್ದು ಹೈದರಾಬಾದಿನಲ್ಲಿರುವ ಓದುಗರಿಗೆ ನೆನಪಿರಬಹುದು. ಕಾರಣಗಳು ಹೆಚ್ಚುಕಡಿಮೆ ಅವೇ.

ಪಿಟ್ಸ್‌ಬರ್ಗ್‌ನಲ್ಲಿ ವಿಲ್ಲಾರ್ಡ್ ಅಂಥದೊಂದು ಗುಂಪಿನ ಜೊತೆ ಸಲೂನಿನ ಒಳಗೇ ಹೋಗಿ ಮಂಡಿಯೂರಿದರು. ಆ ದಿನಗಳಲ್ಲಿ ಅವರ ಮುಂದೆ ಎರಡು ಕೆಲಸಗಳಿದ್ದವು: ನ್ಯೂಯಾರ್ಕಿನ ಒಂದು ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥೆಯ ಹುದ್ದೆ, ವರ್ಷಕ್ಕೆ 2,400 ಡಾಲರ್ ಸಂಬಳ; ಶಿಕಾಗೊದ ಟೆಂಪರೆನ್ಸ್ ಸಂಘದ ಅಧ್ಯಕ್ಷತೆ, ಸಂಬಳ ಇಲ್ಲ. ಎರಡನೆಯದನ್ನು ಆರಿಸಿಕೊಂಡರು. ಆಮೇಲೆ ನಡೆದದ್ದು ನನಗೆ ಬಹಳ ಇಷ್ಟವಾದ ಭಾಗ, ಯಾಕೆಂದರೆ ಇಲ್ಲಿ ಅವರು ಸಂತಳಾಗಲು ಹೋಗಿ ಸೋತರು. ಸಂಬಳ ಕೇಳದೆ ದೇವರೇ ನೋಡಿಕೊಳ್ಳುತ್ತಾನೆ ಎಂದು ನಡೆದರು. ಟ್ರಾಮಿಗೆ ಐದು ಸೆಂಟ್ ಇಲ್ಲದೆ ಮೈಲಿಗಟ್ಟಲೆ ನಡೆದರು, ಎಷ್ಟೋ ಮಧ್ಯಾಹ್ನ ಊಟ ಬಿಟ್ಟರು, ಕೊನೆಗೆ ಕೀಲುನೋವು ಜ್ವರ ಹಿಡಿದು ಮಲಗಿದರು. ಎದ್ದ ಮೇಲೆ ಸಂಘದ ಹೆಂಗಸರಿಗೆ ನಿಜ ಸ್ಥಿತಿ ಹೇಳಿದರು. ಅವರು ಕೂಡಲೇ ಸಂಬಳ ಗೊತ್ತು ಮಾಡಿದರು. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ತಮ್ಮ ಊಟ, ನಿದ್ದೆ, ಗುಳಿಗೆ ಬಿಡುವುದನ್ನು ದಿನವೂ ನೋಡುವ ನನಗೆ ಈ ಘಟನೆ ಮರೆಯುವುದಿಲ್ಲ.

1874ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ರಾಷ್ಟ್ರಮಟ್ಟದ ಯೂನಿಯನ್ ಹುಟ್ಟಿತು. ಆನಿ ವಿಟೆನ್‌ಮಾಯರ್ ಅಧ್ಯಕ್ಷೆ, ವಿಲ್ಲಾರ್ಡ್ ಕಾರ್ಯದರ್ಶಿ. ಸದಸ್ಯರ ಗುರುತು ಒಂದು ಬಿಳಿ ರಿಬ್ಬನ್. ಇಲ್ಲಿ ಅನುವಾದಕಿಯಾಗಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಟೆಂಪರೆನ್ಸ್ ಪದಕ್ಕೆ ಕನ್ನಡದಲ್ಲಿ ಪಾನನಿರೋಧ ಎಂದು ಬರೆಯುವ ರೂಢಿಯಿದೆ. ಮೂಲದ ಅರ್ಥ ಸಂಯಮ. ನಮ್ಮ ಕರ್ನಾಟಕ ಮದ್ಯಪಾನ ಸಂಯಮ ಮಂಡಳಿಯ ಹೆಸರಿನಲ್ಲಿ ಇರುವುದು ಆ ಪದ. ಆದರೆ ಅಮೆರಿಕದ ಚಳವಳಿ ಸಂಯಮದಿಂದ ಶುರುವಾಗಿ, ಪೂರ್ತಿ ಬಿಡುವ ಪ್ರತಿಜ್ಞೆಗೆ ಬಂದು, ಕೊನೆಗೆ ಕಾನೂನಿನ ನಿಷೇಧಕ್ಕೆ ಹೋಗಿ ನಿಂತಿತು. ಆದ್ದರಿಂದ ಯಾವ ವರ್ಷದ ಬಗ್ಗೆ ಬರೆಯುತ್ತಿದ್ದೇವೆ ಎನ್ನುವುದರ ಮೇಲೆ ಅನುವಾದ ಬದಲಾಗುತ್ತದೆ.

ಮತದಾನದ ಹಕ್ಕಿನ ವಿಷಯದಲ್ಲಿ ವಿಟೆನ್‌ಮಾಯರ್ ಮತ್ತು ವಿಲ್ಲಾರ್ಡ್ ದಾರಿ ಬೇರೆಯಾಯಿತು. ಪ್ರಾರ್ಥನೆಯಿಂದ ಮುಚ್ಚಿದ ಅಂಗಡಿಗಳು ಕೆಲವು ತಿಂಗಳಲ್ಲಿ ಮತ್ತೆ ತೆರೆದಿದ್ದನ್ನು ವಿಲ್ಲಾರ್ಡ್ ನೋಡಿದ್ದರು. ಊರಲ್ಲಿ ಅಂಗಡಿಗೆ ಲೈಸೆನ್ಸ್ ಕೊಡಬೇಕೇ ಬೇಡವೇ ಎಂಬ ಮತದಾನದಲ್ಲಿ ಹೆಂಗಸರಿಗೂ ಹಕ್ಕು ಬೇಕು ಎಂದು 1876ರಲ್ಲಿ ಬಹಿರಂಗವಾಗಿ ಹೇಳಿದರು. ಹಕ್ಕು ಎಂದು ಕೇಳಿದರೆ ಬೆಚ್ಚುವ ಜನ, ಮನೆಯ ರಕ್ಷಣೆ ಎಂದು ಕೇಳಿದರೆ ಬಾಗಿಲು ತೆರೆಯುತ್ತಾರೆಂದು ಅವರಿಗೆ ಗೊತ್ತಿತ್ತು. ಆ ಹೆಸರಿನಲ್ಲೇ ಚಳವಳಿ ನಡೆಸಿದರು. 1879ರಲ್ಲಿ ಇಲಿನಾಯ್ ಶಾಸನಸಭೆಗೆ ಕೊಟ್ಟ ಮನವಿಗೆ 1 ಲಕ್ಷಕ್ಕೂ ಹೆಚ್ಚು ಸಹಿಗಳಿದ್ದವು. ಸಭೆ ಏನೂ ಮಾಡಲಿಲ್ಲ. ಅದೇ ವರ್ಷ ಯೂನಿಯನ್ ಅವರನ್ನು ಅಧ್ಯಕ್ಷೆಯನ್ನಾಗಿ ಆರಿಸಿತು.

ಈ ಎರಡು ಘಟನೆಗಳ ಹಿಂದಿನ ವರ್ಷ, 1878ರ ಮಾರ್ಚ್‌ನಲ್ಲಿ, ಆಲಿವರ್ ತೀರಿಕೊಂಡ. ವಯಸ್ಸು 42.

ಆಲಿವರ್ ಬುದ್ಧಿವಂತ. ದೇವಶಾಸ್ತ್ರ ಓದಿದ್ದ, ಪಾದ್ರಿಯಾಗಿ ಡೆನ್ವರ್‌ಗೆ ಹೋಗಿದ್ದ. ಮದುವೆಯಾಗಿದ್ದು ಫ್ರಾನ್ಸಿಸ್ ಅವರ ಆಪ್ತ ಗೆಳತಿ ಮೇರಿ ಬ್ಯಾನಿಸ್ಟರ್‌ಳನ್ನು. ಆಮೇಲೆ ಪಾದ್ರಿ ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದ. ಕೊನೆಗೆ ಶಿಕಾಗೊದಲ್ಲಿ ಒಂದು ಸಂಜೆ ಪತ್ರಿಕೆಯ ಸಂಪಾದಕ. ಕುಡಿತ, ಸಾಲ, ಮತ್ತೆ ಬಿಡುವ ಪ್ರಯತ್ನ, ಮತ್ತೆ ಕುಡಿತ. ನಾಲ್ವರು ಮಕ್ಕಳು, ಸಾಲದ ಪತ್ರಿಕೆ ಬಿಟ್ಟು ಹೋದ. ತಂಗಿ ಮತ್ತು ಹೆಂಡತಿ ಸೇರಿ ಆ ಪತ್ರಿಕೆ ನಡೆಸಲು ನೋಡಿದರು. ಆಗಲಿಲ್ಲ, ಕೆಲವೇ ತಿಂಗಳಲ್ಲಿ ಅದು ಕೈತಪ್ಪಿತು. ಮೇರಿ ಮುಂದೆ ಯೂನಿಯನ್‌ನ ಪತ್ರಿಕೆಯ ಸಂಪಾದಕಿಯಾಗಿ ದುಡಿದು ಮಕ್ಕಳನ್ನು ಸಾಕಿದಳು.

ವೇದಿಕೆಯ ಮೇಲೆ ಸಾವಿರಾರು ತಾಯಂದಿರು, ಹೆಂಡತಿಯರು, ಅಕ್ಕತಂಗಿಯರ ಪರವಾಗಿ ಮಾತಾಡುವಾಗ ವಿಲ್ಲಾರ್ಡ್ ತಾವೂ ಅವರಲ್ಲೊಬ್ಬಳು ಎಂದು ಯಾಕೆ ಹೇಳಲಿಲ್ಲ? ಅತ್ತಿಗೆ, ಅವಳ ಮಕ್ಕಳು, ಬದುಕಿದ್ದ ತಾಯಿ, ಎಲ್ಲರ ಮರ್ಯಾದೆಯೂ ಅದರಲ್ಲಿ ಸಿಕ್ಕಿಕೊಂಡಿತ್ತು ಎಂಬುದು ನನ್ನ ಊಹೆ. ಜೊತೆಗೆ ಅವರ ಕಾಲದ ಹೆಚ್ಚಿನವರಿಗೆ ಕುಡಿತ ಎಂದರೆ ಪಾಪ ಅಥವಾ ಮನಸ್ಸಿನ ದೌರ್ಬಲ್ಯ. ಚಿಕಿತ್ಸೆ ಎಂದರೆ ಪ್ರತಿಜ್ಞಾಪತ್ರಕ್ಕೆ ಸಹಿ, ಪ್ರಾರ್ಥನೆ, ಅಲ್ಲೊಂದು ಇಲ್ಲೊಂದು ಆಶ್ರಯಧಾಮ. ಸಹಿ ಹಾಕಿ ಮತ್ತೆ ಕುಡಿದವನು ಮಾತಿಗೆ ತಪ್ಪಿದವನು. ರೋಗ ಮರುಕಳಿಸಿತು ಎಂದು ಹೇಳುವವರು ವಿರಳವಾಗಿದ್ದರು. ಈಗ ಕರಪತ್ರಗಳನ್ನು ಕನ್ನಡಕ್ಕೆ ತರುವಾಗ ಕುಡುಕ ಎನ್ನುವ ಜಾಗದಲ್ಲೆಲ್ಲ ಮದ್ಯವ್ಯಸನ ಇರುವ ವ್ಯಕ್ತಿ ಎಂದು ಬರೆಯುತ್ತೇನೆ. ಉದ್ದವಾಯಿತು ಎಂದು ಸಂಪಾದಕರು ಗೊಣಗುತ್ತಾರೆ, ಆದರೂ ಬಿಡುವುದಿಲ್ಲ.

ಆಲಿವರ್ ಸತ್ತ ಮರುವರ್ಷ ಅದೇ ಇಲಿನಾಯ್ ರಾಜ್ಯದ ಡ್ವೈಟ್ ಎಂಬಲ್ಲಿ ಲೆಸ್ಲಿ ಕೀಲಿ ಎಂಬ ವೈದ್ಯ ಚಿನ್ನ ಸೇರಿಸಿದ ಔಷಧದಿಂದ ಕುಡಿತ ಬಿಡಿಸುತ್ತೇನೆಂದು ಹೊರಟ. ದಿನಕ್ಕೆ ನಾಲ್ಕು ಚುಚ್ಚುಮದ್ದು. ಒಳಗೇನಿದೆ ಎಂಬುದು ಗುಟ್ಟು. ದೇಶದ ತುಂಬ ಶಾಖೆಗಳಾದವು, ಕೀಲಿ ಶ್ರೀಮಂತನಾದ. ಗುಟ್ಟಿನ ಔಷಧದ ವ್ಯಾಪಾರ ಈಗಲೂ ನಿಂತಿಲ್ಲ. ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿಕೊಡಿ ಎಂಬ ಪುಡಿಗಳ ಜಾಹೀರಾತು ನೀವೂ ನೋಡಿರುತ್ತೀರಿ. ದಯವಿಟ್ಟು ಅದನ್ನು ಮಾಡಬೇಡಿ. ಡೈಸಲ್ಫಿರಾಮ್ ಎಂಬ ಗುಳಿಗೆ ನಿಜಕ್ಕೂ ಇದೆ; 1940ರ ದಶಕದಲ್ಲಿ ಡೆನ್ಮಾರ್ಕ್‌ನಲ್ಲಿ ಬಳಕೆಗೆ ಬಂದದ್ದು. ಅದನ್ನು ತಗೊಂಡವರು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯಬಹುದು. ಗುಳಿಗೆ ತಗೊಂಡಿದ್ದೇನೆ ಎಂದು ಗೊತ್ತಿಲ್ಲದವರು ಎಂದಿನಂತೆ ಕುಡಿದರೆ ಪ್ರಾಣಕ್ಕೇ ಅಪಾಯ. ರೋಗಿಗೆ ತಿಳಿಸಿ, ಅವರ ಒಪ್ಪಿಗೆಯಿಂದ, ಡಾಕ್ಟರ ಮೇಲ್ವಿಚಾರಣೆಯಲ್ಲಿ ಮಾತ್ರ ಕೊಡುವ ಔಷಧ ಅದು. ಹಾಗೆಯೇ, ದಿನವೂ ತುಂಬ ಕುಡಿಯುವವರು ಹಟಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಿದರೆ ಮೊದಲ ಮೂರು-ನಾಲ್ಕು ದಿನಗಳಲ್ಲಿ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣುವುದು, ಗಲಿಬಿಲಿ ಬರಬಹುದು. ಮನೆಯಲ್ಲಿ ಕೂಡಿಹಾಕಿ ಬಿಡಿಸುವುದು ಬೇಡ, ಆಸ್ಪತ್ರೆಗೆ ಕರೆದೊಯ್ಯಿರಿ.

ಅಧ್ಯಕ್ಷೆಯಾದ ಮೇಲೆ ವಿಲ್ಲಾರ್ಡ್ ನಿಲ್ಲಲಿಲ್ಲ. ಕಾರ್ಯದರ್ಶಿ ಆನಾ ಗಾರ್ಡನ್ ಜೊತೆ ರೈಲಿನಲ್ಲೇ ಬದುಕಿದರು ಎನ್ನಬಹುದು. 1883ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಲ್ಲೂ ಭಾಷಣ ಮಾಡಿದ್ದರು. ಕುಡಿತಕ್ಕೆ ತಾಗಿಕೊಂಡ ಎಲ್ಲವನ್ನೂ ಕೈಗೆತ್ತಿಕೊಳ್ಳಬೇಕು ಎಂಬುದು ಅವರ ನೀತಿ. ಶಿಶುವಿಹಾರ, ಜೈಲು ಸುಧಾರಣೆ, ಎಂಟು ಗಂಟೆಯ ಕೆಲಸದ ದಿನ, ಹೆಣ್ಣುಮಕ್ಕಳ ರಕ್ಷಣೆ. ಆಗ ಹೆಚ್ಚಿನ ರಾಜ್ಯಗಳಲ್ಲಿ ಲೈಂಗಿಕ ಸಂಬಂಧಕ್ಕೆ ಹುಡುಗಿಯ ಸಮ್ಮತಿಯ ವಯಸ್ಸು 10 ಅಥವಾ 12 ಇತ್ತು, ಡೆಲವೇರ್‌ನಲ್ಲಿ 7. ಯೂನಿಯನ್ ಸಹಿ ಸಂಗ್ರಹಿಸಿ ಒತ್ತಡ ತಂದು ರಾಜ್ಯದ ನಂತರ ರಾಜ್ಯದಲ್ಲಿ ಅದನ್ನು ಏರಿಸುವಂತೆ ಮಾಡಿತು. 1890ರ ದಶಕದಲ್ಲಿ ಯೂನಿಯನ್‌ಗೆ ಸುಮಾರು ಒಂದೂವರೆ ಲಕ್ಷ ಸದಸ್ಯೆಯರು.

ಔಷಧದಂಗಡಿಯವಳಾದ ನನಗೆ ಇವೆಲ್ಲಕ್ಕಿಂತ ಕುತೂಹಲದ್ದು ಇನ್ನೊಂದು ಜಗಳ. ಆಗ ಮದ್ಯವೇ ಔಷಧ. ಬ್ರಾಂಡಿ, ವಿಸ್ಕಿ ಅಮೆರಿಕದ ಅಧಿಕೃತ ಔಷಧ ಸಂಹಿತೆಯಲ್ಲೇ ಇದ್ದವು, 1916ರಲ್ಲಷ್ಟೇ ತೆಗೆದರು. ಜ್ವರ, ನಿಶ್ಶಕ್ತಿ, ಬಾಣಂತಿಯ ಹಾಲು, ಎಲ್ಲಕ್ಕೂ ಬರೆಯುತ್ತಿದ್ದರು. ಹೆಂಗಸರ ತೊಂದರೆಗಳಿಗೆಂದು ಮನೆಮನೆಯಲ್ಲಿದ್ದ ಲಿಡಿಯಾ ಪಿಂಕಮ್ ಟಾನಿಕ್‌ನಲ್ಲಿ ಸುಮಾರು 18ರಿಂದ 20 ಶೇಕಡಾ ಆಲ್ಕೋಹಾಲ್ ಇತ್ತು. ಅದು ಬಿಯರ್‌ಗಿಂತ ಮೂರು-ನಾಲ್ಕು ಪಟ್ಟು ಹೆಚ್ಚು. ಬಿಳಿ ರಿಬ್ಬನ್ ಕಟ್ಟಿಕೊಂಡ ಎಷ್ಟೋ ಹೆಂಗಸರು ಗೊತ್ತಿಲ್ಲದೆಯೇ ದಿನವೂ ಕುಡಿಯುತ್ತಿದ್ದರು. ಇದಕ್ಕೆ ಉತ್ತರವಾಗಿ 1886ರಲ್ಲಿ ಶಿಕಾಗೊದಲ್ಲಿ ನ್ಯಾಷನಲ್ ಟೆಂಪರೆನ್ಸ್ ಹಾಸ್ಪಿಟಲ್ ತೆರೆದರು. ಮದ್ಯ ಬಳಸದೆಯೂ ಕಾಯಿಲೆ ವಾಸಿಮಾಡಬಹುದು ಎಂದು ತೋರಿಸುವುದೇ ಅದರ ಉದ್ದೇಶ. ಮುಂದೆ ಅದಕ್ಕೆ ವಿಲ್ಲಾರ್ಡ್ ಹೆಸರೇ ಬಂತು. ಔಷಧದ ಬಾಟಲಿಯ ಮೇಲೆ ಒಳಗಿರುವ ಆಲ್ಕೋಹಾಲ್, ಅಫೀಮು ಎಷ್ಟೆಂದು ಬರೆಯಲೇಬೇಕು ಎಂಬ ಕಾನೂನು 1906ರಲ್ಲಿ, ಅವರು ಹೋದ ಎಂಟು ವರ್ಷಕ್ಕೆ, ಬಂತು. ಅದಕ್ಕಾಗಿ ದನಿ ಎತ್ತಿದವರಲ್ಲಿ ಯೂನಿಯನ್ ಹೆಂಗಸರೂ ಇದ್ದರು. ಇವತ್ತು ಲೇಬಲ್ ಓದುವುದು ಯಾರಿಗೆ ಮುಖ್ಯ ಎಂದರೆ, ಡೈಸಲ್ಫಿರಾಮ್ ತಗೊಳ್ಳುವವರಿಗೆ, ಕುಡಿತ ಬಿಟ್ಟವರಿಗೆ. ಕೆಲವು ಕೆಮ್ಮಿನ ಸಿರಪ್, ಟಾನಿಕ್, ಮೌತ್‌ವಾಶ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಅರಿಷ್ಟ, ಆಸವಗಳಲ್ಲಿ ಹುದುಗಿನಿಂದ ತಾನಾಗಿ ಉಂಟಾಗಿರುತ್ತದೆ. ಕೊಳ್ಳುವಾಗ ಅಂಗಡಿಯಲ್ಲಿ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ.

ಶಾಲಾ ಪಠ್ಯದ ವಿಷಯದಲ್ಲಿ ಮಾತ್ರ ಯೂನಿಯನ್ ಮಿತಿ ಮೀರಿತು ಎಂದೇ ಹೇಳಬೇಕು. ಮೇರಿ ಹಂಟ್ ಎಂಬ ನಾಯಕಿಯ ಉಸ್ತುವಾರಿಯಲ್ಲಿ ರಾಜ್ಯಗಳು ಮದ್ಯದ ಬಗ್ಗೆ ಪಾಠ ಕಡ್ಡಾಯ ಮಾಡಿದವು. ಆ ಪುಸ್ತಕಗಳಲ್ಲಿ ಹೆದರಿಸುವ ಉತ್ಪ್ರೇಕ್ಷೆ ಎಷ್ಟಿತ್ತೆಂದರೆ ಆ ಕಾಲದ ವಿಜ್ಞಾನಿಗಳೇ ಆಕ್ಷೇಪಿಸಿದರು.

ಭಾರತದ ನಂಟು 1886ರಲ್ಲಿ ಶುರುವಾಯಿತು. ವೈದ್ಯ ಪದವಿ ಪಡೆಯುತ್ತಿದ್ದ ಆನಂದಿಬಾಯಿ ಜೋಶಿಯವರ ಸಮಾರಂಭಕ್ಕೆಂದು ಪಂಡಿತಾ ರಮಾಬಾಯಿ ಫಿಲಡೆಲ್ಫಿಯಾಕ್ಕೆ ಹೋದರು. ಕರ್ನಾಟಕದ ಪಶ್ಚಿಮಘಟ್ಟದ ಕಾಡಿನಲ್ಲಿ ಹುಟ್ಟಿ, ತಂದೆತಾಯಿಯ ಜೊತೆ ದೇಶವೆಲ್ಲ ಅಲೆದು ಸಂಸ್ಕೃತ ಕಲಿತ ರಮಾಬಾಯಿ. ಅಮೆರಿಕದಲ್ಲಿ ಅವರಿಗೂ ವಿಲ್ಲಾರ್ಡ್‌ರಿಗೂ ಸ್ನೇಹವಾಯಿತು. ಬಾಲವಿಧವೆಯರಿಗೆ ಶಾಲೆ ತೆರೆಯಲು ಹಣ ಕೂಡಿಸುವ ರಮಾಬಾಯಿ ಅಸೋಸಿಯೇಷನ್ 1887ರಲ್ಲಿ ಬಾಸ್ಟನ್‌ನಲ್ಲಿ ಸ್ಥಾಪನೆಯಾದಾಗ ಅದರ ಉಪಾಧ್ಯಕ್ಷರಲ್ಲಿ ವಿಲ್ಲಾರ್ಡ್ ಒಬ್ಬರು. ಆ ಹಣದಿಂದ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ಶುರುವಾಗಿ, ಮರುವರ್ಷ ಪುಣೆಗೆ ಹೋಯಿತು. ಅಮೆರಿಕದ ಜನಜೀವನದ ಬಗ್ಗೆ 1889ರಲ್ಲಿ ರಮಾಬಾಯಿ ಮರಾಠಿಯಲ್ಲಿ ತಂದ ಪುಸ್ತಕದಲ್ಲಿ ವಿಲ್ಲಾರ್ಡ್ ಮತ್ತು ಯೂನಿಯನ್ ಬಗ್ಗೆ ಮೆಚ್ಚುಗೆಯ ವಿವರವಿದೆ. ಮರಾಠಿ ಓದಬಲ್ಲ ಪುಣೆ, ಮುಂಬೈ ಓದುಗರಿಗೆ ಹುಡುಕಿ ಓದಬಹುದಾದ ಪುಸ್ತಕ.

ಇಷ್ಟೆಲ್ಲ ಹೇಳಿ ಇದೊಂದನ್ನು ಬಿಟ್ಟರೆ ತಪ್ಪಾಗುತ್ತದೆ. ದಕ್ಷಿಣದ ಬಿಳಿಯ ಹೆಂಗಸರನ್ನು ಯೂನಿಯನ್‌ಗೆ ಸೇರಿಸಿಕೊಳ್ಳುವ ಆತುರದಲ್ಲಿ ವಿಲ್ಲಾರ್ಡ್ 1890ರ ಒಂದು ಸಂದರ್ಶನದಲ್ಲಿ, ಕುಡಿದ ಕರಿಯ ಗಂಡಸರಿಂದ ಬಿಳಿಯ ಹೆಂಗಸರಿಗೆ ಅಪಾಯ ಎಂಬರ್ಥದ ಮಾತಾಡಿದರು. ಕರಿಯರನ್ನು ಗುಂಪು ಕಟ್ಟಿ ಕೊಲ್ಲುತ್ತಿದ್ದ ಕಾಲ ಅದು. ಕೊಲ್ಲುವವರು ಹೇಳುತ್ತಿದ್ದ ನೆಪವೂ ಅದೇ. ಕರಿಯ ಪತ್ರಕರ್ತೆ ಐಡಾ ಬಿ. ವೆಲ್ಸ್ 1894ರಲ್ಲಿ ಇಂಗ್ಲೆಂಡಿನಲ್ಲಿ ಆ ಸಂದರ್ಶನವನ್ನು ಮತ್ತೆ ಅಚ್ಚು ಹಾಕಿಸಿ ಬಹಿರಂಗವಾಗಿ ಪ್ರಶ್ನಿಸಿದರು. ವಿಲ್ಲಾರ್ಡ್ ಇಂಥ ಕೊಲೆಗಳನ್ನು ಖಂಡಿಸಿದರೂ ತಮ್ಮ ಮಾತನ್ನು ನೇರವಾಗಿ ಹಿಂತೆಗೆದುಕೊಳ್ಳಲಿಲ್ಲ. ವೆಲ್ಸ್ ಹೇಳಿದ್ದು ಸರಿ ಇತ್ತು.

1892ರಲ್ಲಿ ತಾಯಿ ಹೋದರು. ವಿಲ್ಲಾರ್ಡ್ ಕುಸಿದುಹೋದರು. ನಂತರದ ವರ್ಷಗಳ ಬಹುಭಾಗ ಇಂಗ್ಲೆಂಡಿನಲ್ಲಿ, ಅಲ್ಲಿನ ಟೆಂಪರೆನ್ಸ್ ನಾಯಕಿ ಲೇಡಿ ಹೆನ್ರಿ ಸಾಮರ್‌ಸೆಟ್ ಅವರ ಮನೆಯಲ್ಲಿ ಕಳೆದರು. ಅಲ್ಲಿಯೇ, 53ನೇ ವಯಸ್ಸಿನಲ್ಲಿ, ಸೈಕಲ್ ಕಲಿತರು. ಹದಿನಾರರಲ್ಲಿ ಉದ್ದ ಲಂಗ ತೊಡಿಸಿದ ಮೇಲೆ ನಿಂತಿದ್ದ ಓಡಾಟ ಅದು. ದಿನಕ್ಕೆ ಹತ್ತಿಪ್ಪತ್ತು ನಿಮಿಷದಂತೆ ಮೂರು ತಿಂಗಳು ಕಲಿತು, ಸೈಕಲ್‌ಗೆ ಗ್ಲಾಡಿಸ್ ಎಂದು ಹೆಸರಿಟ್ಟು, 1895ರಲ್ಲಿ ಆ ಕಲಿಕೆಯ ಬಗ್ಗೆ ಒಂದು ಪುಟ್ಟ ಪುಸ್ತಕವನ್ನೇ ಬರೆದರು. ಅವರ ಬರಹಗಳಲ್ಲಿ ಇವತ್ತಿಗೂ ಸಲೀಸಾಗಿ ಓದಿಸಿಕೊಳ್ಳುವುದು ಅದೇ.

ಅವರ ಯೋಚನೆಯೂ ಈ ಕಾಲಕ್ಕೆ ಬದಲಾಗಿತ್ತು. ಕುಡಿತದಿಂದ ಬಡತನ ಬರುತ್ತದೆ ಎಂದು ಇಪ್ಪತ್ತು ವರ್ಷ ಹೇಳಿದವರು, ಬಡತನದಿಂದಲೂ ಕುಡಿತ ಬರುತ್ತದೆ ಎಂದು ಒಪ್ಪಿಕೊಂಡರು. ಹದಿನಾಲ್ಕು ಗಂಟೆ ದುಡಿದು, ಕೂರಲು ಜಾಗವಿಲ್ಲದ ಕೋಣೆಗೆ ಮರಳುವವನಿಗೆ ಸಲೂನು ಯಾಕೆ ಬೇಕಾಗುತ್ತದೆ ಎಂಬ ಪ್ರಶ್ನೆ ಅವರಿಗೆ ಮುಖ್ಯವಾಯಿತು. ಸಂಘಟನೆಯ ಹಲವರಿಗೆ ಇದು ಹಿಡಿಸಲಿಲ್ಲ. ಸಾಮರ್‌ಸೆಟ್ 1895ರಲ್ಲಿ ಡಕ್ಸ್‌ಹರ್ಸ್ಟ್ ಎಂಬಲ್ಲಿ ಕುಡಿತದ ಸಮಸ್ಯೆಯಿದ್ದ ಹೆಂಗಸರಿಗಾಗಿ ತೋಟ, ಕುಟೀರಗಳ ಒಂದು ವಸತಿಧಾಮ ತೆರೆದರು. ಜೈಲಿಗೆ ಕಳಿಸುವ ಬದಲು ತಿಂಗಳುಗಟ್ಟಲೆ ಇಟ್ಟುಕೊಂಡು, ಮಕ್ಕಳಿದ್ದರೆ ಅವರನ್ನೂ ಸೇರಿಸಿಕೊಂಡು ನೋಡಿಕೊಳ್ಳುವ ಜಾಗ. ಆಲಿವರ್ ಬದುಕಿದ್ದಾಗ ಇಂಥದ್ದು ಅವನ ತಂಗಿಗೆ ಗೊತ್ತಿರಲಿಲ್ಲ.

ಕೊನೆಯ ವರ್ಷಗಳಲ್ಲಿ ವಿಲ್ಲಾರ್ಡ್ ಬಿಳಿಚಿಕೊಂಡರು, ತೂಕ ಇಳಿಯಿತು, ಸ್ವಲ್ಪ ನಡೆದರೂ ಸುಸ್ತು. ಅದು ಪರ್ನಿಷಿಯಸ್ ಅನೀಮಿಯಾ ಎಂದು ಅವರ ಜೀವನಚರಿತ್ರೆಯಲ್ಲಿದೆ. ಹೊಟ್ಟೆಯಲ್ಲಿ ತಯಾರಾಗಬೇಕಾದ ಒಂದು ಪ್ರೋಟೀನ್ ಇಲ್ಲದೆ, ಆಹಾರದಲ್ಲಿನ ಬಿ12 ವಿಟಮಿನ್ ರಕ್ತಕ್ಕೆ ಸೇರದಿರುವ ಕಾಯಿಲೆ. ಆಗ ಇದಕ್ಕೆ ಚಿಕಿತ್ಸೆ ಇರಲಿಲ್ಲ. ಪ್ರಾಣಿಗಳ ಯಕೃತ್ತನ್ನು ತಿನ್ನಿಸಿದರೆ ಗುಣವಾಗುತ್ತದೆಂದು ಮೈನಾಟ್ ಮತ್ತು ಮರ್ಫಿ 1926ರಲ್ಲಿ ತೋರಿಸಿದರು. ಬಿ12 ಅನ್ನೇ ಬೇರ್ಪಡಿಸಿದ್ದು 1948ರಲ್ಲಿ. ಈಗ ಒಂದು ಸಾಧಾರಣ ಚುಚ್ಚುಮದ್ದಿನಿಂದ ಆಗುವ ಕೆಲಸ. ಬಿ12 ಕೊರತೆಗೆ ನಮ್ಮಲ್ಲಿ ಬೇರೆ ಕಾರಣಗಳೂ ಇವೆ. ಶುದ್ಧ ಸಸ್ಯಾಹಾರಿಗಳು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅಥವಾ ಅಸಿಡಿಟಿಯ ಗುಳಿಗೆ ತಗೊಳ್ಳುವವರು, ಸುಸ್ತು, ಪಾದ ಜೋಮು, ನಾಲಿಗೆ ಉರಿ ಇದ್ದರೆ ಡಾಕ್ಟರ ಹತ್ತಿರ ಬಿ12 ಪರೀಕ್ಷೆಯ ಬಗ್ಗೆ ಕೇಳಿ.

1898ರ ಆರಂಭದಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಲೆಂದು ನ್ಯೂಯಾರ್ಕಿಗೆ ಬಂದವರಿಗೆ ಇನ್‌ಫ್ಲುಯೆಂಜಾ ತಗಲಿತು. ಮೊದಲೇ ಬಳಲಿದ್ದ ದೇಹ ತಡೆಯಲಿಲ್ಲ. ಫೆಬ್ರುವರಿ 17ರ ರಾತ್ರಿ ಎಂಪೈರ್ ಹೋಟೆಲಿನ ಕೋಣೆಯಲ್ಲಿ ತೀರಿಕೊಂಡರು. 58 ವರ್ಷ. ದೇಹವನ್ನು ಶಿಕಾಗೊಗೆ ತಂದಾಗ ಸಾವಿರಾರು ಜನ ಚಳಿಯಲ್ಲಿ ಸಾಲುಗಟ್ಟಿ ನಿಂತಿದ್ದರು.

ಅಮೆರಿಕದಲ್ಲಿ ಪಾನನಿಷೇಧ 1920ರಲ್ಲಿ ಜಾರಿಗೆ ಬಂತು, 1933ರಲ್ಲಿ ರದ್ದಾಯಿತು. ಹೆಂಗಸರಿಗೆ ಮತದ ಹಕ್ಕು ಅದೇ 1920ರಲ್ಲಿ ಬಂತು, ಉಳಿಯಿತು.

ಆಲಿವರ್‌ನ ಒಬ್ಬ ಮಗ ಜೋಸಾಯ ಫ್ಲಿಂಟ್ ಎಂಬ ಹೆಸರಿನಲ್ಲಿ ಬರಹಗಾರನಾದ. ಅಲೆಮಾರಿಗಳ ಜೊತೆ ರೈಲಿನಡಿ ಮಲಗಿ, ಜೈಲು ಕಂಡು, ಅವರ ಬದುಕಿನ ಬಗ್ಗೆ ಬರೆದು ಹೆಸರು ಮಾಡಿದ. ಅವನಿಗೂ ಕುಡಿತ ಅಂಟಿಕೊಂಡಿತು, ಜೊತೆಗೆ ಕೊಕೇನ್. 1907ರ ಜನವರಿಯಲ್ಲಿ, 38 ತುಂಬಲು ಮೂರು ದಿನ ಇರುವಾಗ ಶಿಕಾಗೊದಲ್ಲಿ ಸತ್ತ. ಮದ್ಯವ್ಯಸನಕ್ಕೆ ವಂಶವಾಹಿಗಳ ಪಾಲೂ ಇದೆ ಎಂದು ಈಗ ಗೊತ್ತು.

ವಿಲ್ಲಾರ್ಡ್ ಹರೆಯದಿಂದಲೇ ದಿನಚರಿ ಬರೆಯುತ್ತಿದ್ದರು. ಸುಮಾರು 50 ಸಂಪುಟಗಳ ಆ ದಿನಚರಿ ಇವಾನ್‌ಸ್ಟನ್‌ನಲ್ಲಿ 1980ರ ದಶಕದ ಆರಂಭದಲ್ಲಿ ಸಿಕ್ಕಿತು. ಆಯ್ದ ಭಾಗಗಳು 1995ರಲ್ಲಿ ಅಚ್ಚಾದವು. ವೇದಿಕೆಯಲ್ಲಿ ಕಾಣದ ವಿಲ್ಲಾರ್ಡ್ ಅಲ್ಲಿದ್ದಾರೆ: ಸಿಡುಕುವ, ಅಳುವ, ಮನೆಯವರ ಚಿಂತೆಯಲ್ಲಿ ನಿದ್ದೆಗೆಡುವ ಹೆಂಗಸು.

ಅವರಿಗೆ ಸಿಗದೆ ನಮಗೆ ಸಿಕ್ಕಿರುವ ಕೆಲವನ್ನು ಇಲ್ಲಿ ಬರೆದಿಡುತ್ತೇನೆ. ಕುಡಿಯುವವರ ಮನೆಯವರಿಗೆಂದೇ ಇರುವ ಆಲ್-ಅನಾನ್ ಗುಂಪುಗಳು ಮುಂಬೈ, ಚೆನ್ನೈಯಂಥ ನಗರಗಳಲ್ಲಿ ಸೇರುತ್ತವೆ. ಹೆಸರು ಪೂರ್ತಿ ಹೇಳಬೇಕಾಗಿಲ್ಲ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಂಖ್ಯೆ 14416. ಎರಡೂ ಉಚಿತ. ಟೆಲಿ ಮಾನಸ್‌ನಲ್ಲಿ, ನೀವು ದೆಹಲಿಯಲ್ಲೇ ಇದ್ದರೂ, ಕನ್ನಡ ಬೇಕೆಂದು ಆರಿಸಿಕೊಳ್ಳಬಹುದು. ಕುಡಿಯುವವರು ಒಪ್ಪುವವರೆಗೆ ಕಾಯಬೇಕಿಲ್ಲ, ನಿಮ್ಮ ಸಲುವಾಗಿ ನೀವೇ ಕರೆ ಮಾಡಬಹುದು.